ಮಹಡಿ ಹತ್ತುವ ಮುನ್ನ ಅತ್ತೆಯ ವಿಚಾರಣೆ

ನಮ್ಮ ಸೋದರತ್ತೆಗೆ ನಾಚಿಕೆ ಕೊಡುವುದನ್ನು ದೇವರು ಮರೆತೇಬಿಟ್ಟಿದ್ದಾನೆ! ಇದು ನನ್ನ ದೂರಲ್ಲ, ಜರಗನಹಳ್ಳಿಯಲ್ಲಿರುವ ಅವರ ಇಡೀ ಬೀದಿಯ ದೂರು. ವಯಸ್ಸು ಅರವತ್ತೆಂಟು, ಶನಿವಾರ ತಪ್ಪದೆ ಆಂಜನೇಯನ ಗುಡಿಗೆ ಹೋಗುವವರು. ಆದರೆ ಬಾಯಿ ಬಿಟ್ಟರೆ ಪಕ್ಕದಲ್ಲಿ ನಿಂತವರು ಭೂಮಿ ಬಾಯಿ ಬಿಡಲಿ ಅಂತ ಬೇಡಿಕೊಳ್ಳಬೇಕು.

ಒಮ್ಮೆ ಅವರ ಜೊತೆ ಮೆಡಿಕಲ್ ಶಾಪಿಗೆ ಹೋಗಿದ್ದೆ. ನಮಗಿಂತ ಮುಂದೆ ಟೈ ಕಟ್ಟಿದ ಗಂಡಸೊಬ್ಬ ನಿಂತಿದ್ದ. ಅಂಗಡಿಯವನು ಪುಟ್ಟ ಡಬ್ಬಿಯೊಂದನ್ನು ಪೇಪರಿನಲ್ಲಿ ಸುತ್ತಿ, ಕಪ್ಪು ಕವರಿಗೆ ಹಾಕಿ, ಆ ಕಡೆ ಈ ಕಡೆ ನೋಡಿ ಅವನ ಕೈಗಿಟ್ಟ. ಅತ್ತೆ ಸುಮ್ಮನಿರಬೇಕಲ್ಲ? "ಅದೇನಪ್ಪಾ, ಕಳ್ಳಮಾಲು ಕೊಡೋ ಥರ ಕೊಡ್ತೀಯಾ? ಹುಷಾರಾಗಿರೋ ಮನುಷ್ಯ ಅಂತ ಮೆಚ್ಕೋಬೇಕು ಕಣಯ್ಯ!" ಆ ಪುಣ್ಯಾತ್ಮ ಹೆಲ್ಮೆಟ್ಟನ್ನು ಕೌಂಟರಿನ ಮೇಲೇ ಬಿಟ್ಟು ಓಡಿದ. ನಾನು ಕಾಲೇಜಿನಲ್ಲಿ ಪಾಠ ಹೇಳುವವಳು. ಅವತ್ತಿನಿಂದ ಆ ಅಂಗಡಿಯ ಮುಂದೆ ನಡೆದು ಹೋಗುವುದನ್ನೇ ಬಿಟ್ಟೆ.

ಮಾವನ ಮನೆಯವರು ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಮೂರು ಮಹಡಿ ಎದ್ದಿದೆ. ಮಾವ ತೀರಿಕೊಂಡ ಮೇಲೆ ಕೆಳಗೆ ಅತ್ತೆ ಒಬ್ಬರೇ, ಮೇಲೆಲ್ಲ ಬಾಡಿಗೆಯವರು. ಬೀದಿಯ ಉಳಿದ ಓನರುಗಳು ಗೇಟಿಗೆ 'ಫ್ಯಾಮಿಲಿಗೆ ಮಾತ್ರ' ಎಂದು ಬೋರ್ಡು ಹಾಕಿದ್ದಾರೆ. ಅತ್ತೆ ಹಾಕಿಲ್ಲ. ಯಾಕೆ ಅಂದರೆ, "ಫ್ಯಾಮಿಲಿಗಳ ಕಥೆ ನಂಗೊತ್ತಿಲ್ವೇನೇ? ಗೋಡೆ ತೆಳ್ಳಗಿದೆ, ಎಲ್ಲಾ ಕೇಳ್ಸುತ್ತೆ" ಅನ್ನುತ್ತಾರೆ.

ಮೊದಲ ಮಹಡಿಯಲ್ಲಿ ಒಬ್ಬ ಬ್ಯಾಚುಲರ್ ಇದ್ದ. ಹಣೆಗೆ ವಿಭೂತಿ, ತಗ್ಗಿಸಿದ ತಲೆ. ಒಂದು ದಿನವೂ ಒಬ್ಬ ಹೆಣ್ಣುಮಗಳೂ ಅವನ ಮನೆಗೆ ಬಂದದ್ದಿಲ್ಲ. ಬೀದಿಗೆ ಬೀದಿಯೇ ಅವನಿಗೆ ಹೆಣ್ಣು ಹುಡುಕಲು ಹೊರಟಿತ್ತು. ಒಂದು ಬೆಳಿಗ್ಗೆ ಅತ್ತೆ ತಾರಸಿಯ ಮೇಲೆ ಸಂಡಿಗೆ ಇಡುತ್ತಿದ್ದರು. ನೀರಿನ ಟ್ಯಾಂಕಿನ ಆಚೆ ಇವನು ಫೋನಿನಲ್ಲಿ ಯಾವುದೋ ಹುಡುಗಿಗೆ, "ಅಮ್ಮಂಗೆ ನಿನ್ ವಿಷ್ಯ ಹೇಳಿದೀನಿ, ಮುಂದಿನ್ ವರ್ಷ ಮದ್ವೆ ಗ್ಯಾರಂಟಿ" ಎನ್ನುತ್ತಿದ್ದ. ಅದು ಮುಗಿದ ಕೂಡಲೇ ಗೆಳೆಯನಿಗೆ ಫೋನು: "ಮದ್ವೆ ಅಂದ್ರೆ ತಾನೇ ಮಗಾ ರೂಮಿಗೆ ಬರೋದು!"

ಅತ್ತೆ ಸಂಡಿಗೆ ಹಿಟ್ಟಿನ ಕೈಯಲ್ಲೇ ಎದ್ದು ಹೋಗಿ, "ತಿಂಗಳ ಕೊನೆಗೆ ಮನೆ ಖಾಲಿ ಮಾಡು" ಅಂದರು.

"ಆಂಟಿ, ನಾನು ಯಾರ್ನೂ ಇಲ್ಲಿಗೆ ಕರ್ಕೊಂಡೇ ಬಂದಿಲ್ಲ!"

"ನಿಜ ಹೇಳಿ ಕರ್ಕೊಂಡ್ ಬಂದಿದ್ರೆ ಕಾಫಿ ಕೊಡ್ತಿದ್ದೆ ಕಣೋ. ಸುಳ್ಳು ಹೇಳಿ ಕರೀತಿದ್ದೀಯಲ್ಲ, ಅದಕ್ಕೆ."

ಬೀದಿಗೆ ಗೊತ್ತಾದದ್ದು ಇಷ್ಟೇ: ಹುಡುಗಿ ವಿಷಯಕ್ಕೆ ಬ್ಯಾಚುಲರನ್ನು ಓಡಿಸಿದರು! ಎದುರು ಮನೆಯ ಅಂಕಲ್ ಬಂದು, "ಹಿಂಗಿರ್ಬೇಕಕ್ಕಾ ಓನರ್ ಅಂದ್ರೆ" ಎಂದು ಹೊಗಳಿ ಹೋದರು. ಅತ್ತೆ ತಿದ್ದಲು ಹೋಗಲಿಲ್ಲ. ಹೊಗಳಿಕೆ ಅವರಿಗೂ ಅಪರೂಪಕ್ಕೆ ಸಿಗುವ ವಸ್ತು.

ಹಾಗಾಗಿ ಎರಡನೇ ಮಹಡಿಯ ಹುಡುಗಿಯ ವಿಷಯ ಬಂದಾಗ ಅಂಕಲ್ ಬಹಳ ಭರವಸೆಯಿಂದಲೇ ಬಂದರು. ಅವಳು ಗದಗಿನ ಕಡೆಯವಳು, ಇಪ್ಪತ್ತೆಂಟು ವರ್ಷ, ಬಿಟಿಎಂನಲ್ಲಿ ಆಫೀಸು. ಪ್ರತಿ ಭಾನುವಾರ ಒಬ್ಬ ಸ್ಕೂಟರಿನಲ್ಲಿ ಬರುತ್ತಾನೆ, ಸಂಜೆ ಹೋಗುತ್ತಾನೆ. ಅಂಕಲ್ ತಮ್ಮ ಗೇಟಿನ ಕ್ಯಾಮೆರಾವನ್ನು ಇತ್ತ ತಿರುಗಿಸಿ ಆರು ಭಾನುವಾರ ಹಿಡಿದಿದ್ದರು. ಜೊತೆಗೆ ತಮ್ಮ ಹೆಂಡತಿಯನ್ನೂ ಕರೆತಂದಿದ್ದರು. ಅವತ್ತೂ ಭಾನುವಾರವೇ, ನಾನು ಅತ್ತೆಯ ಮನೆಯಲ್ಲಿದ್ದೆ.

"ಸಂಜೆಯೊಳಗೆ ಅವಳಿಗೆ ಖಾಲಿ ಮಾಡು ಅನ್ನಿ. ಇಲ್ಲಾಂದ್ರೆ ಅವ್ರಪ್ಪಂಗೆ ನಾನೇ ಫೋನ್ ಮಾಡ್ತೀನಿ."

ಆ ಫೋನು ಹೋದರೆ ಏನಾಗುತ್ತದೆಂದು ನಮಗೆಲ್ಲ ಗೊತ್ತಿತ್ತು. ಮರುದಿನವೇ ಅಪ್ಪ ಬಸ್ಸು ಹತ್ತಿ ಬರುತ್ತಾರೆ. ಹುಡುಗಿಯ ಕೆಲಸವೂ ಮುಗಿಯಿತು, ಬೆಂಗಳೂರೂ ಮುಗಿಯಿತು. ಅತ್ತೆ ಒಂದೇ ಮಾತು ಹೇಳಿದರು: "ವಿಚಾರಿಸ್ತೀನಿ."

ವಿಚಾರಣೆ ಅಂದರೆ ಎಂಥದು ಅಂತೀರಿ? ಮಧ್ಯಾಹ್ನ ಇಬ್ಬರನ್ನೂ ಕೆಳಗೆ ಕರೆದು, ನನ್ನ ಪಕ್ಕದಲ್ಲೇ ಕೂರಿಸಿ, ಉಪ್ಸಾರು ಮುದ್ದೆ ಬಡಿಸಿದರು. ಮೊದಲ ತುತ್ತು ಇಳಿಯುವ ಮುಂಚೆಯೇ ಶುರು.

"ನೀವಿಬ್ರೂ ಮದ್ವೆ ಆಗ್ತೀರಾ?"

"ಇಲ್ರೀ ಅಮ್ಮಾ. ಮದುವಿ ವಿಚಾರ ಇಲ್ರೀ" ಎಂದಳು ಹುಡುಗಿ.

"ಲವ್ವಾ?"

ಇಬ್ಬರೂ ಮುಖ ಮುಖ ನೋಡಿಕೊಂಡರು. "ಅಷ್ಟ್ ದೊಡ್ಡದೇನಿಲ್ರೀ."

"ಮತ್ತೆ?"

ಅವನು ತಟ್ಟೆಯ ಮುದ್ದೆಯಲ್ಲಿ ಬಾವಿ ತೋಡುತ್ತಿದ್ದ. ಹುಡುಗಿಯೇ ಗಟ್ಟಿ. "ಇಬ್ರಿಗೂ ಬೇಕಾಗೈತ್ರಿ. ಮುಂದಿಂದು ಏನೂ ಇಲ್ಲ ಅಂತ ಮೊದಲ ದಿನಾನ ಹೇಳ್ಕೊಂಡೇವ್ರಿ" ಎಂದಳು.

"ಹಂಗೂ ಇರುತ್ತಾ!" ಎಂದರು ಅತ್ತೆ. ಬೈಗುಳವಲ್ಲ, ನಿಜವಾದ ಆಶ್ಚರ್ಯ. ಹೊಸ ಥರದ ಪಲ್ಯ ಹೇಗೆ ಮಾಡುವುದೆಂದು ಕೇಳುವವರ ಮುಖ ಅದು. "ಆಮೇಲೆ ಮನ್ಸಿಗೆ ಬೇಜಾರಾಗಲ್ವಾ?"

"ಆದ್ರ ಹೇಳ್ತೀನ್ರಿ. ನಿಲ್ಲಿಸ್ತೀವ್ರಿ."

ಅತ್ತೆ ಅವನತ್ತ ತಿರುಗಿದರು. "ನಿಂಗೆ ಹೆಂಡ್ತಿ ಇದಾಳಾ?"

"ಅಯ್ಯೋ ಇಲ್ಲಮ್ಮ!"

"ಬೇರೆ ಯಾರಿಗಾದ್ರೂ ಮಾತು ಕೊಟ್ಟಿದೀಯಾ?"

"ಇಲ್ಲಮ್ಮ, ದೇವ್ರಾಣೆ."

"ಸರಿ, ಮೇಲೆ ಹೋಗಿ ಕುಂಡದಿಂದ ಒಂದಿಷ್ಟು ಕರಿಬೇವು ಕಿತ್ಕೊಂಡ್ ಬಾ."

ಊಟ ಮುಗಿಯುತ್ತ ಬಂದಾಗ ಕರಿಬೇವು ಯಾಕೆ ಎಂದು ಕೇಳುವ ಧೈರ್ಯ ಅವನಿಗೆಲ್ಲಿ! ಅವನು ಮೆಟ್ಟಿಲು ಹತ್ತಿದ ಮೇಲೆ ಅತ್ತೆ ಹುಡುಗಿಯ ಹತ್ತಿರ ಸರಿದು, ದನಿ ತಗ್ಗಿಸಿ ಕೇಳಿದರು. "ಹೆದರ್ಕೋಬೇಡ, ನಿಜ ಹೇಳು. ನೀನು ಇವತ್ತು ಬೇಡ ಅಂದ್ರೆ ಏನ್ಮಾಡ್ತಾನೆ?"

"ಹೋದ ವಾರ ಬ್ಯಾಡ ಅಂದಿದ್ನಿರೀ. ಮಂಡಕ್ಕಿ ತಿಂದು, ಟೀವಿಯೊಳಗ ಮ್ಯಾಚ್ ನೋಡಿ ಹೋದ."

ಅಂಕಲ್ ಕ್ಯಾಮೆರಾದಲ್ಲಿ ಹಿಡಿದ ಆರನೇ ಭಾನುವಾರ ಅದೇ!

ಸಂಜೆ ಅಂಕಲ್ ದಂಪತಿ ಮತ್ತೆ ಗೇಟಿನ ಹತ್ತಿರ ಬಂದರು. ಅತ್ತೆ ಸೊಂಟಕ್ಕೆ ಸೆರಗು ಸಿಗಿಸಿಕೊಂಡು ತೀರ್ಪು ಕೊಟ್ಟರು. "ವಿಚಾರಿಸ್ದೆ. ಇಬ್ರಿಗೂ ಬೇಕು. ಯಾರೂ ಯಾರಿಗೂ ಸುಳ್ಳು ಹೇಳಿಲ್ಲ. ಬೇಡ ಅಂದ್ರೆ ಅವ್ನು ಸುಮ್ನಾಗ್ತಾನೆ. ಈ ಮೂರೂ ನಿಮ್ಮನೇಲಿ ಇದ್ಯಾ?"

ಅಂಕಲ್ ಬಾಯಿ ತೆರೆದರು. ಪಕ್ಕದಲ್ಲಿದ್ದ ಆಂಟಿ ಉತ್ತರ ಕೇಳುವ ಕುತೂಹಲದಿಂದ ಗಂಡನ ಕಡೆಗೇ ತಿರುಗಿ ನಿಂತರು. ಅಂಕಲ್ ಬಾಯಿ ಮುಚ್ಚಿದರು.

"ಅವಳ ಮನೆಗೆ ಫೋನ್ ಏನಾದ್ರೂ ಹೋಯ್ತೋ, ಹೆಣ್ಮಕ್ಕಳ ಮನೆ ಬಾಗ್ಲಿಗೆ ಕ್ಯಾಮೆರಾ ಇಟ್ಟು ನೋಡ್ತಾರೆ ಅಂತ ನಾನೇ ಸ್ಟೇಷನ್ನಿಗೆ ಬರ್ಕೊಡ್ತೀನಿ" ಎಂದರು ಅತ್ತೆ. ಫೋನು ಹೋಗಲಿಲ್ಲ. ಕ್ಯಾಮೆರಾ ಮರುದಿನವೇ ತನ್ನ ಮನೆಯ ಗೇಟಿನ ಕಡೆಗೆ ತಿರುಗಿತು.

ಅವತ್ತು ಅವರೆಲ್ಲ ಹೋದ ಮೇಲೆ ನಾವಿಬ್ಬರೂ ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತೆವು. ನನಗಿನ್ನೂ ಅನುಮಾನ. "ಆದ್ರೂ ಅತ್ತೆ, ಇದು ಸರೀನಾ?"

"ನಂಗೂ ಪೂರ್ತಿ ಗೊತ್ತಿಲ್ಲ ಕಣೇ. ನಾನಾಗಿದ್ರೆ ಮಾಡ್ತಿರ್ಲಿಲ್ಲ. ಆದ್ರೆ ಅವ್ರು ಒಬ್ರನ್ನೊಬ್ರು ಕೇಳ್ಕೊಂಡಿದಾರೆ ನೋಡು. ನಂಗೆ ಅದೇ ಆಶ್ಚರ್ಯ."

"ಯಾಕೆ, ಮಾವ ನಿಮ್ಮನ್ನ ಕೇಳಿರ್ಲಿಲ್ವಾ?" ಎಂದು ತಮಾಷೆಗೆ ಅಂದೆ.

ಅತ್ತೆ ಸುಲಿದ ಕಾಳನ್ನು ಪಾತ್ರೆಗೆ ಸುರಿದರು. "ನನ್ನ ಒಪ್ಪುವೀಳ್ಯದ ದಿನ ನಾನು ಕೊಟ್ಟಿಗೇಲಿ ಸಗಣಿ ಬಾಚ್ತಿದ್ದೆ. ಒಳಗೆ ಎರಡೂ ಕಡೆ ಗಂಡಸ್ರು ಎಲೆ ಅಡಿಕೆ ಬದಲಾಯಿಸ್ಕೊಂಡು ಒಪ್ಕೊಂಡ್ರು. ನಾನು ಕೈ ತೊಳ್ಕೊಂಡು ಬರೋ ಹೊತ್ತಿಗೆ ಎಲ್ಲಾ ಮುಗಿದಿತ್ತು."

"ಮಾವ ಒರಟಾಗಿದ್ರಾ?" ನಾನು ಹೆದರುತ್ತಲೇ ಕೇಳಿದೆ.

"ಥೂ, ಬಿಡ್ತು ಅನ್ನು! ಬಂಗಾರದಂಥ ಮನುಷ್ಯ. ಆದ್ರೆ ಮೂವತ್ತೆಂಟು ವರ್ಷದಲ್ಲಿ ಒಂದ್ ದಿನಾನೂ 'ನಿಂಗೆ ಇಷ್ಟಾನಾ' ಅಂತ ಕೇಳ್ಲಿಲ್ಲ. ಕೇಳ್ಬೇಕು ಅಂತ ಅವ್ರಿಗೂ ಯಾರೂ ಹೇಳ್ಕೊಟ್ಟಿರ್ಲಿಲ್ಲ."

"ಕೇಳಿದ್ರೆ ಏನಂತಿದ್ರಿ?"

'ಇಲ್ಲ' ಎನ್ನುತ್ತಾರೆಂದು ನಾನು ಮನಸ್ಸು ಗಟ್ಟಿ ಮಾಡಿಕೊಂಡೆ. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ಇಡೀ ಬೀದಿಗೆ ಬಾಯಿ ಮುಚ್ಚಿಸಿದ ಹೆಂಗಸು ಹದಿನೆಂಟರ ಹುಡುಗಿಯ ಹಾಗೆ ತಲೆ ತಗ್ಗಿಸಿದ್ದರು.

"ಹೂಂ ಅಂತಿದ್ದೆ ಕಣೇ. ನಂಗೆ ಅವ್ರಂದ್ರೆ ಪ್ರಾಣ ಇತ್ತು. ಪಾಪ, ಅದು ಅವ್ರಿಗೆ ಗೊತ್ತಾಗ್ಲೇ ಇಲ್ಲ."