ತೊಲೆ ಹೊತ್ತವನ ಹಾರಾಟ

"ಹಾರಿಯೇ ತೀರುತ್ತೇನೆ!" ಎಂದು ಉಮರ್ಗಾದ ನನ್ನ ಬೀಜ-ಗೊಬ್ಬರದ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆ ಗುದ್ದಿ ನಾನು ಘೋಷಿಸಿದಾಗ ಅಲ್ಲಿ ಇದ್ದವರು ಮೂರೇ ಮಂದಿ. ಸಂಜೆಯಾಗುವುದರೊಳಗೆ ಸುದ್ದಿ ಒಂದು ಕಡೆ ಯೆಣೆಗೂರ, ಇನ್ನೊಂದು ಕಡೆ ತುರೋರಿ ಮುಟ್ಟಿತ್ತು. ಇನ್ನು ಹಿಂದೆ ಸರಿಯುವ ಹಾಗಿರಲಿಲ್ಲ!

ಸಂಗತಿ ಇಷ್ಟೇ. ಅದು 2018ನೇ ಇಸವಿ. ಸೋಯಾಬೀನ್ ಬೀಜ ಹೆಚ್ಚು ಮಾರಿದ ಅಂಗಡಿಕಾರರನ್ನೆಲ್ಲ ಕಂಪನಿಯವರು ಹೆಂಡತಿ ಸಮೇತ ಬಾಲಿ ದ್ವೀಪಕ್ಕೆ ಕರೆದೊಯ್ಯುವವರಿದ್ದರು. ನಮ್ಮ ಮದುವೆಯಾಗಿಯೂ ಸರಿಯಾಗಿ ಇಪ್ಪತ್ತೈದು ವರ್ಷ. ಕಾರ್ಯಕ್ರಮದ ಹಾಳೆಯಲ್ಲಿ ಮೂರನೇ ದಿನದ ಮುಂದೆ "ಪ್ಯಾರಾಗ್ಲೈಡಿಂಗ್, ಧೈರ್ಯ ಇದ್ದವರಿಗೆ" ಎಂದು ಬರೆದಿತ್ತು. ಅಂದರೆ, ಒಂದು ದೊಡ್ಡ ಬಟ್ಟೆಯ ರೆಕ್ಕೆಗೆ ಇಬ್ಬರನ್ನು ಜೋತುಹಾಕಿ ಕಡಲ ದಂಡೆಯ ಗುಡ್ಡದ ಮೇಲಿನಿಂದ ಗಾಳಿಗೆ ಬಿಡುವುದು. ಹಿಂದೆ ಕೂತವನಿಗೆ ಹಾರಿಸಲು ಬರುತ್ತದೆ, ಮುಂದೆ ಕೂತವನಿಗೆ ಕೂಗಲು ಬರುತ್ತದೆ.

"ನಿಮ್ಗ್ಯಾಕ ಬೇಕ್ರಿ ಇದೆಲ್ಲಾ?" ಎಂದಳು ನನ್ನ ಹೆಂಡತಿ ಸುಗಂಧಾ. "ಅಟ್ಟದ ಮ್ಯಾಲಿನ ಹುಣಸಿಹಣ್ಣ ಇಳಸ್ರಿ ಅಂದ್ರ ನಿಮ್ಗ ಏಣಿ ಹಿಡ್ಯಾಕ ಇಬ್ರು ಬೇಕು!"

"ಸುಗಂಧಾ! ನೀ ಯಾರ ಜೋಡಿ ಮಾತಾಡ್ಲಿಕತ್ತಿ, ಖಬರ್ ಅದ ಏನು? ತೊಲಿ ಹೊತ್ತವನ ಜೋಡಿ!"

ಸುಗಂಧಾ ಥಟ್ಟನೆ ಸುಮ್ಮನಾದಳು. ತೊಲೆಯ ಮಾತು ಬಂದಾಗಲೆಲ್ಲ ಆಕೆ ಹೀಗೆಯೇ ಸುಮ್ಮನಾಗುತ್ತಾಳೆ. ಗಂಡನ ಮೇಲಿನ ಗೌರವದಿಂದ ಎಂದು ನಾನು ತಿಳಿದಿದ್ದೆ.

ತೊಲೆಯ ಇತಿಹಾಸ ನಿಮಗೆ ಹೇಳಲೇಬೇಕು. ಇಪ್ಪತ್ತೈದು ವರ್ಷದ ಹಿಂದೆ, ಭೂಕಂಪವಾದ ವರ್ಷ, ನಾವು ಯೆಣೆಗೂರಿನ ಹಳೇ ಮನೆಯಲ್ಲಿದ್ದೆವು. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ. ಗಣಪತಿ ಕಳಿಸಿ ಬಂದು ಊರೆಲ್ಲ ಮಲಗಿದ್ದಾಗ, ಬೆಳಗಿನ ಜಾವ ನೆಲ ನಡುಗಿತು. ನಮ್ಮ ಪಡಸಾಲೆ ಪೂರ್ತಿ ಕುಸಿಯಿತು. ಆದರೆ ಅಷ್ಟರೊಳಗೆ ನನ್ನ ಅವ್ವ ಶಿವಗಂಗಾಬಾಯಿ, ಮದುವೆಯಾಗಿ ನಾಲ್ಕು ತಿಂಗಳಾಗಿದ್ದ ಸುಗಂಧಾ ಮತ್ತು ನಾನು, ಮೂವರೂ ಹೊರಗಿದ್ದೆವು. ಸುತ್ತಲಿನ ಊರುಗಳಲ್ಲಿ ಹೋದವರನ್ನು ನೆನೆದರೆ ಇವತ್ತಿಗೂ ತುತ್ತು ಗಂಟಲಲ್ಲಿ ನಿಲ್ಲುತ್ತದೆ. ನಾವು ಉಳಿದೆವು. ಹೇಗೆ ಉಳಿದೆವು ಎಂಬುದನ್ನು ಅವ್ವ ಅಂದು ಬೆಳಕು ಹರಿಯುವುದರೊಳಗೆ ಇಡೀ ಓಣಿಗೆ ಹೇಳಿ ಮುಗಿಸಿದ್ದಳು.

"ನನ್ ಮಗಾ ಬಾಗಲದಾಗ ನಿಂತು ಬೀಳೋ ತೊಲಿ ಭುಜದ ಮ್ಯಾಲ ಹಿಡದಾನ್ರೆವ್ವಾ! ಅತ್ತಿ-ಸೊಸಿ ಇಬ್ರೂ ಅಂವನ ಕಂಕಳ ಬುಡಕ ಹಾದು ಹೊರಗ ಬಂದೀವಿ!"

ಸಾಕ್ಷಿಗೆ ನನ್ನ ಎಡಭುಜ ಕುಂಬಳಕಾಯಿಯಂತೆ ಊದಿತ್ತು. ಅಂದಿನಿಂದ ನಾನು ತೊಲೆ ಹೊತ್ತ ಅಮರನಾಥ. ಮೊದಲ ವರ್ಷ ಅದು ಬರೀ ಬೇವಿನ ತೊಲೆಯಾಗಿತ್ತು. ಐದನೇ ವರ್ಷಕ್ಕೆ ಸಾಗವಾನಿಯಾಯಿತು. ಹತ್ತನೇ ವರ್ಷಕ್ಕೆ ಅದರ ಮೇಲೆ ಮಾಳಿಗೆಯ ಮಣ್ಣೂ ಬಿತ್ತು. ಇಪ್ಪತ್ತನೇ ವರ್ಷ ನಿಲಂಗಾದ ಬೀಗರ ಮನೆಯಲ್ಲಿ ಕಥೆ ಹೇಳುವಾಗ ತೊಲೆಯ ಮೇಲೆ ಎರಡು ಚೀಲ ಜೋಳ ಮತ್ತು ಒಂದು ಬೆಕ್ಕು ಕೂಡ ಇದ್ದವು! ಚಳಿ ಬಿದ್ದರೆ ಆ ಭುಜ ನೋಯುತ್ತದೆ. ಸುಗಂಧಾ ಕುಸುಬಿ ಎಣ್ಣೆ ಬಿಸಿ ಮಾಡಿ ತಿಕ್ಕುತ್ತಾಳೆ. ಇಪ್ಪತ್ತೈದು ವರ್ಷದಲ್ಲಿ ಒಂದು ಸಲವೂ ಬೇಸರಿಸಲಿಲ್ಲ, ಒಂದು ಸಲವೂ ಗೊಣಗಲಿಲ್ಲ. ಬೇರೆ ಎಲ್ಲದಕ್ಕೂ ಗೊಣಗುತ್ತಾಳೆ!

ತೊಲೆಯ ವಿಷಯದಲ್ಲಿ ಒಂದು ಸಣ್ಣ ತೊಡಕಿತ್ತು. ಅದು ಗೊತ್ತಿದ್ದವನು ಮೂರು ಲೋಕದಲ್ಲಿ ನಾನೊಬ್ಬನೇ ಎಂದು ನಂಬಿದ್ದೆ. ಆ ತೊಡಕು ಆಕಾಶದಲ್ಲಿ ಬಿಚ್ಚಿಕೊಳ್ಳುತ್ತದೆ ಎಂದು ಯಾರು ಅಂದುಕೊಂಡಿದ್ದರು!

ಬಾಲಿಯ ಗುಡ್ಡದ ಮೇಲೆ ನಮ್ಮ ನಲವತ್ತು ಜನರ ಗುಂಪು ಸಾಲಾಗಿ ನಿಂತಿತ್ತು. ಎಲ್ಲರೂ ಲಾತೂರು, ಸೋಲಾಪುರ ಕಡೆಯ ಮರಾಠಿ ಮಂದಿ. ಕನ್ನಡ ಬರುತ್ತಿದ್ದುದು ಮೂವರಿಗೇ: ನನಗೆ, ಸುಗಂಧಾಗೆ ಮತ್ತು ತುರೋರಿಯಲ್ಲಿ ಅಂಗಡಿ ಇಟ್ಟಿರುವ ಕಲ್ಯಾಣಪ್ಪನಿಗೆ. ಕಲ್ಯಾಣಪ್ಪ ನನಗಿಂತ ಮೊದಲು ಹಾರಿ, ಸುತ್ತು ಹಾಕಿ ಗುಡ್ಡದ ಮೇಲೆಯೇ ಇಳಿದ. ಇಳಿದವನೇ ಬೇಲಿಯ ಹಿಂದೆ ಹೋಗಿ, ಬೆಳಿಗ್ಗೆ ತಿಂದದ್ದನ್ನೆಲ್ಲ ಬಾಲಿಯ ಮಣ್ಣಿಗೆ ಅರ್ಪಿಸಿ ಬಂದ.

"ಹ್ಯಾಂಗಿತ್ತೋ ಕಲ್ಯಾಣಪ್ಪಾ?"

"ಛಂದ ಅದ, ಅಮರಣ್ಣಾ," ಎಂದು ಬಾಯಿ ಒರೆಸಿಕೊಂಡ. "ನೀ ಮಾತ್ರ ಹೋಗ್ಬ್ಯಾಡ."

ನನ್ನನ್ನು ಹಾರಿಸುವವನ ಹೆಸರು ಕೇತುತ್. ನಲವತ್ತರ ಗಟ್ಟಿಮುಟ್ಟಾದ ಆಳು, ಸದಾ ನಗುಮುಖ. ನನ್ನ ತೊಡೆಗೆ, ಸೊಂಟಕ್ಕೆ, ಎದೆಗೆ ಪಟ್ಟಿ ಬಿಗಿದ. ತಲೆಗೆ ಹೆಲ್ಮೆಟ್ ಹಾಕಿದ. ಒಂದು ಕೋಲಿನ ತುದಿಗೆ ಪುಟ್ಟ ಕ್ಯಾಮೆರಾ ಸಿಕ್ಕಿಸಿ ನನ್ನ ಮುಖಕ್ಕೆ ಹಿಡಿದ. ನಾನು ಎಡಭುಜ ಮುಂದೆ ಮಾಡಿ ಮೀಸೆ ತಿರುವಿದೆ.

"ರನ್ ಸರ್! ರನ್!" ಎಂದ ಕೇತುತ್.

ಎದುರಿಗೆ ಗುಡ್ಡ ಮುಗಿದಿತ್ತು. ಅದರಾಚೆ ಏನೂ ಇರಲಿಲ್ಲ! ನಾನು ಅಲ್ಲಿಯೇ ಕುಕ್ಕರಿಸಿ ಕೂತುಬಿಟ್ಟೆ.

"ನೋ ಸಿಟ್ ಸರ್! ರನ್!"

ಹಿಂದೆ ರೆಕ್ಕೆ ಫಡಫಡ ಎಂದು ಎದ್ದಿತು. ಆ ಸದ್ದು ಕಿವಿಗೆ ಬಿದ್ದದ್ದೇ ತಡ, ನನ್ನ ಕಾಲುಗಳು ನನ್ನನ್ನು ಕೇಳದೆಯೇ ಓಡಲು ಶುರುಮಾಡಿದವು. ಎಂಥಾ ಓಟ! ನೆಲ ಮುಗಿದ ಮೇಲೂ ಗಾಳಿಯಲ್ಲಿ ಹತ್ತು ಹೆಜ್ಜೆ ಓಡಿದೆ!

"ವೆರಿ ಗುಡ್ ರನ್ನರ್, ಸರ್!" ಎಂದು ಕೇತುತ್ ಹಿಂದಿನಿಂದ ಹೊಗಳಿದ.

ಆ ಹೊಗಳಿಕೆ ಎದೆಗೆ ನಾಟಿತು. ಹೌದು, ಓಡುವುದರಲ್ಲಿ ನನಗೆ ಹಳೆಯ ಅನುಭವವಿತ್ತು.

ಮೊದಲ ಎರಡು ನಿಮಿಷ ಸ್ವರ್ಗ. ಕೆಳಗೆ ನೀಲಿ ಕಡಲು, ಬಿಳಿ ನೊರೆ, ಕಾಳಿನಷ್ಟು ದೋಣಿಗಳು. ನಾನು ಕ್ಯಾಮೆರಾಕ್ಕೆ ಕೈ ಬೀಸಿದೆ. ಆಮೇಲೆ ಎಲ್ಲಿಂದಲೋ ಗಾಳಿ ಬಂತು. ರೆಕ್ಕೆ ಒಮ್ಮೆ ಕುಸಿದು ಎದ್ದಿತು. ಹಗ್ಗಗಳು ಅಲುಗಿದವು, ಆಸನ ಅಲುಗಿತು, ನನ್ನ ಹಲ್ಲುಗಳು ಅಲುಗಿದವು. ಅದೇ ನಡುಕ! ನೆಲ ನಡುಗಿದರೆ ಓಡಬಹುದು ಸ್ವಾಮಿ, ಗಾಳಿ ನಡುಗಿದರೆ ಎಲ್ಲಿಗೆ ಓಡುವುದು?

ಸಾವು ಖಚಿತ ಎನಿಸಿತು. ಕಣ್ಣು ಮುಚ್ಚಿ ಕೈ ಮುಗಿದು ಗಟ್ಟಿಯಾಗಿ ಒದರಿದೆ.

"ತಂದೀ ಮಹಾದೇವಾ! ಸುಳ್ಳಿನ ಗಂಟು ಹೊತ್ಕೊಂಡು ನಿನ್ ಕಡಿ ಬರಂಗಿಲ್ಲ, ಇಲ್ಲೇ ಬಿಚ್ತೀನಿ! ನಾ ತೊಲಿ ಹೊತ್ತಿಲ್ಲೋ ಯಪ್ಪಾ! ನೆಲಾ ನಡಗಿದ್ದೇ ತಡ, ಕೌದಿ ಹೊದ್ಕೊಂಡು ಓಡೀನಿ! ಅವ್ವಗ ಎಬ್ಬಿಸ್ಲಿಲ್ಲ, ಹೇಣ್ತಿಗಿ ಎಬ್ಬಿಸ್ಲಿಲ್ಲ! ಬಾಗಲದಾಗ ಮಾಳಿಗಿ ಜಂತಿ ಭುಜಕ್ಕ ಬಡೀತು. ಯವ್ವಾ ಅಂದೆ, ಮತ್ತ ಓಡ್ದೆ! ಹೈವೇ ತನಕಾ ಓಡ್ದೆ! ತಿರುಗಿ ಬಂದ್ರ ಅವ್ವ 'ನನ್ ಮಗಾ ತೊಲಿ ಹಿಡದಾ' ಅಂತ ಮಂದಿಗಿ ಹೇಳ್ಲಿಕತ್ತಿದ್ಳು. ನಾ ಹೂಂ ಅಂದೆ! ಇಪ್ಪತ್ತೈದು ವರ್ಷಾ ಹೂಂ ಅಂದೆ! ತಪ್ಪಾಯ್ತು ಸುಗಂಧಾ, ತಪ್ಪಾಯ್ತು!"

"ವೆರಿ ಗುಡ್ ಪ್ರೇಯರ್, ಸರ್," ಎಂದ ಕೇತುತ್ ಭಕ್ತಿಯಿಂದ. "ಸ್ಮಾಲ್ ವಿಂಡ್. ಫಿನಿಶ್."

ಕಣ್ಣು ಬಿಟ್ಟರೆ ಗಾಳಿ ತಣ್ಣಗಾಗಿತ್ತು. ಐದು ನಿಮಿಷದಲ್ಲಿ ಹುಲ್ಲಿನ ಮೇಲೆ ಕೂತಿದ್ದೆ. ನೆಲ! ಗಟ್ಟಿ ನೆಲ! ಹಣೆ ಮುಟ್ಟಿಸಿ ನಮಸ್ಕರಿಸಿದೆ. ಎದೆ ಹಗುರವಾಗಿತ್ತು. ಪಾಪ ಗಾಳಿಯಲ್ಲಿ ಕರಗಿತು, ಕೇಳಿದವನಿಗೆ ಕನ್ನಡ ಬಾರದು, ಇನ್ನೇನು ಬೇಕು?

ಅಷ್ಟರಲ್ಲಿ ಕೇತುತ್ ಕ್ಯಾಮೆರಾ ಎತ್ತಿ ತೋರಿಸಿದ. "ವಿಡಿಯೋ ಫ್ರೀ, ಸರ್! ವಿತ್ ಸೌಂಡ್!"

ಹಗುರವಾಗಿದ್ದ ಎದೆಯ ಮೇಲೆ ತೊಲೆ, ಮಣ್ಣು, ಎರಡು ಚೀಲ ಜೋಳ ಮತ್ತು ಬೆಕ್ಕು ಒಟ್ಟಿಗೆ ಬಿದ್ದವು!

ನಾನು ಕೈ ಚಾಚುವುದರೊಳಗೆ ಕ್ಯಾಮೆರಾದ ಕಾರ್ಡು ಕಂಪನಿಯ ಅಧಿಕಾರಿ ಪಂಡಿತ ಸಾಹೇಬರ ಜೇಬು ಸೇರಿತ್ತು. ಹೋಟೆಲಿಗೆ ಹೋಗುವ ದಾರಿಯಲ್ಲಿ ಎಲ್ಲರ ವಿಡಿಯೋ ಬಸ್ಸಿನ ಟಿವಿಯಲ್ಲಿ ತೋರಿಸುತ್ತಾರಂತೆ! ಈ ನಡುವೆ ಸುಗಂಧಾ ಸೀರೆಯ ಮೇಲೆಯೇ ಪಟ್ಟಿ ಕಟ್ಟಿಸಿಕೊಂಡು ಹಾರಿ, ಸೆರಗು ಕೂಡ ಜಾರದಂತೆ ಇಳಿದು ಬಂದಿದ್ದಳು.

"ಅಂಜಿಕಿ ಆಗ್ಲಿಲ್ಲೇನು?" ಎಂದೆ.

"ಅಂಜಿಕಿ ಯಾತರದ್ರಿ? ಹಿಂದ ಅಂವಾ ಇದ್ನಲ್ಲ. ನಿಮ್ದು ಹ್ಯಾಂಗಾಯ್ತು?"

"ಭಾಳ ಛಂದ... ಆದ್ರ ನಂದು ನೋಡೋದೇನೂ ಇಲ್ಲ ಬಿಡು."

ಪಂಡಿತ ಸಾಹೇಬರ ಬೆನ್ನು ಹತ್ತಿದೆ. ನನ್ನ ವಿಡಿಯೋ ಬೇಡ, ದೃಷ್ಟಿ ತಾಗುತ್ತದೆ ಎಂದೆ. "ಅಸಂ ಕಸಂ, ಅಮರನಾಥರಾವ್! ತುಮ್ಹೀ ಆಮಚೆ ಹೀರೋ!" ಅದು ಹೇಗಾಗುತ್ತದೆ, ನೀವು ನಮ್ಮ ಹೀರೋ ಎಂದು ಅವರು ಬೆನ್ನು ತಟ್ಟಿದರು. ತಟ್ಟಿದ್ದು ಎಡಭುಜಕ್ಕೆ. ಕೊನೆಗೆ ಬಸ್ಸಿನಲ್ಲಿ ಎಲ್ಲರಿಗಿಂತ ಮೊದಲು ಹತ್ತಿ ಟಿವಿಯ ಹಿಂದಿನ ವೈರು ಕಿತ್ತೆ. ನಿಂತದ್ದು ಟಿವಿಯಲ್ಲ, ಏಸಿ! ನಲವತ್ತು ಜನ ಬೆವರಿ ಬೊಬ್ಬೆ ಹೊಡೆದರು. ಚಾಲಕ ಬಂದು ವೈರು ಸಿಕ್ಕಿಸಿದ, ನನ್ನನ್ನು ಕೆಕ್ಕರಿಸಿ ನೋಡಿದ, ಹೋಗುವಾಗ ಟಿವಿಯ ದನಿಯನ್ನೂ ಏರಿಸಿ ಹೋದ.

ಒಂದೇ ಸಮಾಧಾನ, ಕಲ್ಯಾಣಪ್ಪ. ವಾಂತಿಯ ಗುಳಿಗೆ ಎರಡು ನುಂಗಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಇಲ್ಲದಿದ್ದರೆ ನಾನು ಉಮರ್ಗಾ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವ ಮೊದಲೇ ತುರೋರಿಯಲ್ಲಿ ಡಂಗುರ ಬಾರಿಸಿರುತ್ತಿದ್ದ. ಆದರೆ ಪಕ್ಕದಲ್ಲಿ ಸುಗಂಧಾ ಕಣ್ಣು ಅಗಲಿಸಿ ಕೂತಿದ್ದಳು. ಊರು ನಕ್ಕರೆ ನಗಲಿ. ತನ್ನನ್ನು ಬಿಟ್ಟು ಓಡಿದೆ ಎಂದು ಈಕೆಗೆ ಗೊತ್ತಾದರೆ, ಇನ್ನುಳಿದ ಆಯುಷ್ಯ ಯಾವ ಮುಖ ಇಟ್ಟುಕೊಂಡು ಅವಳ ಕೈಯ ರೊಟ್ಟಿ ತಿನ್ನಲಿ?

ಪರದೆಯ ಮೇಲೆ ನಾನು ಬಂದೆ. ಮುಚ್ಚಿದ ಕಣ್ಣು, ಮುಗಿದ ಕೈ, ಕೆನ್ನೆಯ ಮೇಲೆ ನೀರು. "ತಂದೀ ಮಹಾದೇವಾ!" ಹಿಂದಿನ ಸೀಟಿನ ಕಸ್ತೂರಬಾಯಿ ತಾವೂ ಕೈ ಮುಗಿದು, "ಕಾಯ್ ಭಕ್ತೀ!" ಎಂಥಾ ಭಕ್ತಿ ಎಂದು ನಿಟ್ಟುಸಿರು ಬಿಟ್ಟರು. ವಿಡಿಯೋ ಮುಗಿದಾಗ ಚಪ್ಪಾಳೆ!

"ವಹಿನೀ, ಹೇ ಕೋಣತಂ ಸ್ತೋತ್ರ?" ಎಂದು ಪಂಡಿತ ಸಾಹೇಬರು ಸುಗಂಧಾಳನ್ನೇ ಕೇಳಬೇಕೆ! ಅತ್ತಿಗೆ, ಇದು ಯಾವ ಸ್ತೋತ್ರ ಅಂತೆ!

ನಾನು ಕಿಟಕಿಯ ಆಚೆ ತೆಂಗಿನಮರ ಎಣಿಸತೊಡಗಿದೆ. ಸುಗಂಧಾ ಸೆರಗು ಸರಿಮಾಡಿಕೊಂಡು ಶಾಂತವಾಗಿ ಮರಾಠಿಯಲ್ಲಿ ಹೇಳಿದಳು: "ಭೂಕಂಪ ಸ್ತೋತ್ರ. ಪಂಚವೀಸ ವರ್ಷಾಂನೀ ಏಕದಾ ಮ್ಹಣತಾತ."

ಇಪ್ಪತ್ತೈದು ವರ್ಷಕ್ಕೊಮ್ಮೆ ಹೇಳುವ ಸ್ತೋತ್ರ! ಕಸ್ತೂರಬಾಯಿ ನನಗೂ ಬರೆದುಕೊಡಿ ಎಂದು ದುಂಬಾಲು ಬಿದ್ದರು.

ಟಿವಿಯಲ್ಲಿ ಮುಂದಿನವರ ಹಾರಾಟ ಶುರುವಾಯಿತು. ಸುಗಂಧಾ ಮುಖ ತಿರುಗಿಸಿಕೊಂಡಳು. ಅವಳ ಮೈ ಸಣ್ಣಗೆ ನಡುಗುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡೆ.

"ಸುಗಂಧಾ, ಚಪ್ಪಲ್ಲೀಲೆ ಹೊಡಿ. ಅಳಬ್ಯಾಡ."

ತಿರುಗಿದಳು. ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು!

"ರೀ, ಒಂದ್ ಮಾತ ಕೇಳ್ತೀನಿ. ಓಡುವಾಗ ಕಾಲಾಗ ಏನರೆ ಮೆತ್ತಗ ಹತ್ತಿತ್ತೇನು?"

"ಹತ್ತಿತ್ತು ನೋಡು. ದಿಂಬೋ ಏನೋ."

"ದಿಂಬಲ್ರಿ, ನನ್ ಕೈ! ಆ ನೋವಿಗೇ ನಂಗ ಎಚ್ಚರಾಯ್ತು. ನೋಡ್ತೀನಿ, ಕತ್ಲಾಗ ಯಾವನೋ ನಮ್ ಕೌದಿ ಹೊತ್ತು ಓಡ್ಲಿಕತ್ತಾನ! 'ಅತ್ತೀ, ಕಳ್ಳ!' ಅಂತ ಒದರಿ, ಮೂಲ್ಯಾಗಿನ ಒನಕಿ ತಗೊಂಡು ಬೆನ್ನ ಹತ್ತಿದೆ. ಅತ್ತಿನೂ ಎದ್ದು ನನ್ನ ಹಿಂದೇ ಓಡಿ ಬಂದ್ರು. ಬಾಗಲದಾಗ ಸಿಕ್ರಿ. ಒಂದು ಹಾಕ್ದೆ."

"ಎ... ಎಲ್ಲಿಗಿ ಹಾಕ್ದಿ?"

"ಎಡಗಡಿ ಭುಜಕ್ಕ."

"ಹಂಗಾದ್ರ ಜಂತಿ?"

"ಯಾ ಜಂತಿನೂ ಇಲ್ಲ. ಒನಕಿ. ನೀವು ಯವ್ವಾ ಅಂದಾಗ ದನಿ ಗುರ್ತ ಹತ್ತಿತು. ಅಯ್ಯ, ಇವ್ರು ನಮ್ಮವ್ರೇ ಅಂತ ಅಂಗಳಕ್ಕ ಬಂದು ನಿಂತೀವಿ, ಹಿಂದ ಪಡಸಾಲಿ ಧಡ್ ಅಂತು." ಸುಗಂಧಾ ಕಣ್ಣೊರೆಸಿಕೊಂಡಳು. ಈಗ ಅದು ಬರೀ ನಗುವಿನ ನೀರಾಗಿರಲಿಲ್ಲ. "ಅತ್ತಿ ಅಂದ್ರು, 'ನಾಕು ತಿಂಗಳ ಸೊಸಿ ಗಂಡಗ ಒನಕೀಲೆ ಹೊಡದಾಳ ಅಂದ್ರ ಮಂದಿ ನಿನ್ನ ಬಿಡ್ತಾರೇನು? ತೊಲಿ ಬಿದ್ದದ ಅಂತ ನಾ ಹೇಳ್ತೀನಿ. ಅಂವಾ ನನ್ ಮಗಾ, ಹೂಂ ಅಂತಾನ ನೋಡು.' ನೀವು ಹೂಂ ಅಂದ್ರಿ. ವರ್ಷಾ ವರ್ಷಾ ನೀವು ತೊಲಿ ದಪ್ಪ ಮಾಡ್ದಂಗೆಲ್ಲಾ ನಂಗ ಒನಕಿ ಭಾರಾಗ್ತಿತ್ತು. ಗೊತ್ತಾದ್ರ ಏನಂತಾರೋ ಅಂತ ಜೀವಾ ಹಿಡ್ಕೊಂಡಿದ್ದೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಕಾಲು ಶತಮಾನ ಒಂದೇ ಕೌದಿಯ ಕೆಳಗೆ ಇಬ್ಬರು ಅಪರಾಧಿಗಳು! ನಾನು ಅವಳ ಕೈ ಹಿಡಿದು ನೋಡಿದೆ, ಅಂದು ತುಳಿದ ಕೈ ಇದೆಯೋ ಎಂದು. ನನಗಾದ ಸಮಾಧಾನ ಎಷ್ಟೆಂದರೆ, ಆ ಕ್ಷಣ ಕೇತುತ್ ಇಲ್ಲದೆಯೂ ಹಾರುತ್ತಿದ್ದೆ.

"ನೀವು ಓಡದಿದ್ರ ನಾವು ಮಲಗೇ ಇರ್ತಿದ್ವಿ," ಎಂದಳು ಮೆಲ್ಲಗೆ. "ನೀವು ಓಡಿದ್ರಿ, ಅದಕ್ಕೇ ಉಳದೀವಿ."

ಅಷ್ಟು ಸಾಕಾಯಿತು ನನಗೆ! ಎದೆ ಮತ್ತೆ ಉಬ್ಬಿತು.

"ಅಂದ್ರ ಎಲ್ಲಾರ ಜೀವಾ ಉಳಿಸಿದಾಂವ ನಾನೇ ಅಂದಂಗಾಯ್ತು! ಸುಗಂಧಾ, ಈ ಏಸಿ ಥಂಡಿಗಿ ಭುಜಾ ಹಿಡಕೊಂಡದ. ರೂಮಿಗಿ ಹೋದ ಮ್ಯಾಲ ಒಂಚೂರು ಕುಸುಬಿ ಎಣ್ಣಿ ತಿಕ್ಕು."

ಸುಗಂಧಾ ಚೀಲಕ್ಕೆ ಕೈ ಹಾಕಿದಳು. ಉಮರ್ಗಾದಿಂದ ಬಟ್ಟೆ ಸುತ್ತಿ ತಂದಿದ್ದ ಎಣ್ಣೆಯ ಬಾಟಲಿ ತೆಗೆದು ನನ್ನ ಅಂಗೈಯಲ್ಲಿಟ್ಟಳು.

"ಹೊಡದಾಕಿ ನಾನು ಅಂತ ಇಪ್ಪತ್ತೈದು ವರ್ಷಾ ತಿಕ್ಕಿದೆ. ಇವತ್ತಿಗಿ ಮುಗೀತು. ಇನ್ನ ನೀವೇ ತಿಕ್ಕೋರಿ. ತೊಲಿ ಹೊತ್ತಾಂವಗ ಎಣ್ಣಿ ಬಾಟ್ಲಿ ಭಾರಾಯ್ತೇನು?"