ಹುಳುಮನೆಯ ಮುಂದೆ ಕಪ್ಪು ಹೊಗೆ

ಕಾರು ರಿಪೇರಿಗೆ ಮೆಕ್ಯಾನಿಕ್ಕೇ ಬೇಕೆ? ಶಿಡ್ಲಘಟ್ಟದ ಪಕ್ಕದ ನಮ್ಮೂರಿನ ಪ್ರೌಢಶಾಲೆಯಲ್ಲಿ ಹದಿನೈದು ವರ್ಷ ವಿಜ್ಞಾನ ಬೋಧಿಸಿದ ನನಗೆ ಹಾಗೆಂದೂ ಅನ್ನಿಸಿರಲಿಲ್ಲ. ತೊಂಬತ್ತರ ದಶಕದಲ್ಲಿ ನಾನು ಕೊಂಡ ಹಳೆಯ ಕಾರು ಮೂರು ವಾರದಿಂದ ಕಪ್ಪು ಹೊಗೆ ಉಗುಳುತ್ತಿತ್ತು. ಪೆಟ್ರೋಲನ್ನಂತೂ ನೀರಿನಂತೆ ಕುಡಿಯುತ್ತಿತ್ತು.

ಅದೇ ಮೂರು ವಾರದಿಂದ ನನ್ನ ಹೆಂಡತಿ ರತ್ನ ರೇಷ್ಮೆ ಹುಳು ಸಾಕುತ್ತಿದ್ದಳು. ನಿದ್ದೆಗೆಟ್ಟು ಸೊಪ್ಪು ಹಾಕಿದ ಅವಳ ಮೊದಲ ಬೆಳೆ. ಹುಳುಮನೆಯ ತೇವಕ್ಕೆ, ಹುಳುಗಳ ಮೇಲೆ ಉದುರಿಸುವ ಸುಣ್ಣದ ಪುಡಿ ಗಂಟು ಕಟ್ಟಬಾರದೆಂದು ಅದರ ಚೀಲವನ್ನು ಕಾರಿನೊಳಗೆ ನೇತು ಹಾಕುವ ಉಪಾಯ ಮಾಡಿದವನೂ ನಾನೇ. ಅಷ್ಟು ಕಾಳಜಿ!

"ರೀ, ಇನ್ನೆರಡು ದಿನಕ್ಕೆ ಹುಳ ಗೂಡು ಕಟ್ತವೆ. ಹೊಗೆ ತಗುಲಿದ್ರೆ ಒಂದೂ ಉಳಿಯಲ್ಲ. ಆ ಕಾರು ಮುಟ್ಟಬೇಡಿ."

"ಪೆಟ್ರೋಲ್ ಜಾಸ್ತಿ, ಗಾಳಿ ಕಮ್ಮಿ. ಇಷ್ಟೇ ಕಣೇ ಕಾಯಿಲೆ!"

ಭಾನುವಾರ ಅಂಗಳದಲ್ಲಿ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಬಿಚ್ಚಿ, ತೊಳೆದು, ಜೋಡಿಸಿದೆ. ಒಂದು ಸ್ಪ್ರಿಂಗು ಉಳಿಯಿತು. ಸದರಿ ಸ್ಪ್ರಿಂಗು ಅನವಶ್ಯಕವೆಂದು ತೀರ್ಮಾನಿಸಿ ಜೇಬಿಗಿಳಿಸಿದೆ. ಕೀಲಿ ತಿರುಗಿಸಿದ್ದೇ ತಡ, ಎಂಜಿನ್ನು ಕಿರುಚತೊಡಗಿತು. ಹೊಗೆಯೋ ಹೊಗೆ! ಗಾಳಿ ಬೇರೆ ಹುಳುಮನೆಯತ್ತ ತಿರುಗಿತು.

"ಅಯ್ಯೋ, ನನ್ನ ಹುಳ!" ರತ್ನ ಕಿಟಕಿಗಳಿಗೆ ಒದ್ದೆ ಗೋಣಿ ಕಟ್ಟಲು ಓಡಿದಳು. ನಾನು ಎಂಜಿನ್ ನಿಲ್ಲಿಸಿದೆ. ಕಾರನ್ನು ದೂರ ಒಯ್ಯೋಣವೆಂದು ಮತ್ತೆ ಚಾಲೂ ಮಾಡಿದೆ. ಮೊದಲಿಗಿಂತ ಹೆಚ್ಚು ಹೊಗೆ! ಕೊನೆಗೆ ಇಬ್ಬರೂ ಸೇರಿ ಅದನ್ನು ರಸ್ತೆಯವರೆಗೆ ತಳ್ಳಿದೆವು. ಅವಳು ಅಳುತ್ತಲೇ ತಳ್ಳಿದಳು.

ಶಿಡ್ಲಘಟ್ಟದಿಂದ ಮೆಕ್ಯಾನಿಕ್ ಬಾಷಾ ಸಾಬರನ್ನು ಕರೆಸಿದೆ. ಜೇಬಿನ ಸ್ಪ್ರಿಂಗು ಕೇಳಿ ಪಡೆದು ಹಾಕಿದರು. ಆಮೇಲೆ ಕಾರಿನೊಳಗೆ ಇಣುಕಿದರು.

"ಏನ್ ಮೇಷ್ಟ್ರೇ, ಚೋಕ್ ಗುಂಡಿಗೆ ಮೂಟೆ ನೇತು ಹಾಕಿದ್ದೀರ?"

ಚಳಿಯಲ್ಲಿ ಎಂಜಿನ್ ಎಬ್ಬಿಸಲು ಒಂದೆರಡು ನಿಮಿಷ ಎಳೆಯಬೇಕಾದ, ಗಾಳಿ ತಡೆಯುವ ಗುಂಡಿ ಅದು. ಸುಣ್ಣದ ಭಾರಕ್ಕೆ ಮೂರು ವಾರದಿಂದ ಎಳೆದುಕೊಂಡೇ ಇತ್ತು! ಸಾಬರು ಚೀಲ ತೆಗೆದು ಗುಂಡಿ ಒತ್ತಿ ಎಂಜಿನ್ ಚಾಲೂ ಮಾಡಿದರು. ಹೊಗೆ ನಿಂತಿತು. ನಾನು ಚೀಲ ಹೊತ್ತು ಹುಳುಮನೆಗೆ ನಡೆದೆ.

ಎರಡು ಹಗಲು ಹುಳುಗಳ ತಟ್ಟೆಗಳ ಮುಂದೆ ಕುಕ್ಕರಗಾಲಲ್ಲಿ ಕೂತೆ. ಒಂದು ಹುಳ ಅಲುಗದಿದ್ದರೆ ಸೊಪ್ಪಿನ ತುದಿಯಿಂದ ಮೆಲ್ಲಗೆ ಮುಟ್ಟಿ ನೋಡುತ್ತಿದ್ದೆ. ರತ್ನ ನನ್ನನ್ನು ದಾಟಿಕೊಂಡೇ ಸೊಪ್ಪು ಹಾಕುತ್ತಿದ್ದಳು. ಮೂರನೆಯ ದಿನ ಹುಳುಗಳು ತಲೆಯೆತ್ತಿ ನೂಲು ಬಿಡತೊಡಗಿದವು.

"ಬದುಕಿದ್ವು ಕಣ್ರೀ!" ಎಂದು ಅವಳು ಕಣ್ಣೊರೆಸಿಕೊಂಡಳು. ನಾನೂ ಬದುಕಿದೆ.

"ಇನ್ಮೇಲೆ ಆ ಚೀಲಕ್ಕೆ ಕಾರಲ್ಲೊಂದು ಮೊಳೆ ಹೊಡಿಬೇಕು," ಎಂದಳು. ನಾನು ಉತ್ಸಾಹದಿಂದ ಸುತ್ತಿಗೆ ಎತ್ತಿಕೊಂಡೆ.

"ಸಾಬರ ಹತ್ರ ಹೊಡೆಸ್ಕೊಂಡು ಬನ್ನಿ," ಎಂದಳು.

ಸುತ್ತಿಗೆಯನ್ನು ಮೆಲ್ಲಗೆ ಕೆಳಗಿಟ್ಟೆ.