ಕರಗಿದರೂ ನೀರಾಗದ ಕಾಫಿ

ಐಸು ಕರಗಿದರೆ ಕಾಫಿ ನೀರಾಗುತ್ತದೆ. ನಮ್ಮ ಗುಮಾಸ್ತನ ಪಾಡಿಗೆಲ್ಲ ಮೂಲ ಇಷ್ಟೇ. ನಾವು ನೀವಾಗಿದ್ದರೆ ಗೊಣಗಿಕೊಂಡು ಕುಡಿದು ಲೋಟ ತೊಳೆದಿಡುತ್ತಿದ್ದೆವು. ಅವನು ಡಿಕಾಕ್ಷನ್ನನ್ನೇ ಅಚ್ಚಿಗೆ ಸುರಿದು ಐಸು ಮಾಡಿಬಿಟ್ಟ! ತಣ್ಣನೆಯ ಹಾಲಿಗೆ ದಾಲ್ಚಿನ್ನಿ ಹಾಕಿ ಕುದಿಸಿದ ಸಕ್ಕರೆ ಪಾಕ, ಮೇಲೆ ಆ ಕರಿ ಐಸುಗಡ್ಡೆಗಳು. ಕರಗಿದಷ್ಟೂ ಕಾಫಿ ಖಡಕ್ಕಾಗುತ್ತಿತ್ತು. ಕಾಫಿಯೆಂದರೆ ಮೂಗು ಮುರಿಯುತ್ತಿದ್ದ ಹೆಂಡತಿಯೇ ಎರಡನೇ ಲೋಟ ಕೇಳಿದ್ದಳು. ಆಸಾಮಿ ಪ್ರಚಂಡ, ಒಪ್ಪಿಕೊಳ್ಳಲೇಬೇಕು.

ಈ ಭಾನುವಾರ ಮಾತ್ರ ಕಾಫಿಯ ಮೇಲೆ ಭಾರ ಹೆಚ್ಚಿತ್ತು. ಅದರ ಸುದ್ದಿ ಕೇಳಿ ಆಫೀಸಿನ ಸಾಹೇಬರು ಮನೆಗೆ ಬರುವವರಿದ್ದರು. ಒಂದೇ ಒಂದು ವಾರ, ಸಾಹೇಬರ ಗಂಟಲು ಕೇಳಿಸದಷ್ಟು ದೂರದಲ್ಲಿ, ಸಮುದ್ರದ ದಂಡೆಯ ಮೇಲೆ ಕಾಲು ಚಾಚಿ ಕೂರಬೇಕೆಂದು ಗಂಡ ಹೆಂಡತಿ ಮದುವೆಯಾದಾಗಿನಿಂದ ಹಂಬಲಿಸುತ್ತಿದ್ದರು. ರಜೆ ಕೇಳಿದಾಗಲೆಲ್ಲ ಸಾಹೇಬರದು ಒಂದೇ ಮಾತು, "ನೋಡೋಣ." ಅವರು ನೋಡಿದ್ದನ್ನು ಈವರೆಗೆ ಯಾರೂ ನೋಡಿರಲಿಲ್ಲ.

"ಇವತ್ತು ಹೇಗಾದ್ರೂ ಒಪ್ಪಿಸ್ಬಿಡಿ ಕಣ್ರೀ," ಎಂದಳು ಹೆಂಡತಿ.

ತಮ್ಮ ಫ್ರೀಜರ್ ಕೈಕೊಟ್ಟಿದ್ದರಿಂದ ಗುಮಾಸ್ತ ಅಚ್ಚುಗಳನ್ನು ಮಹಡಿ ಮೇಲಿನ ಮೇಷ್ಟ್ರ ಮನೆಯಲ್ಲಿಟ್ಟಿದ್ದ. ತರೋಣವೆಂದು ಮೆಟ್ಟಿಲು ಹತ್ತುವಷ್ಟರಲ್ಲಿ ಮೇಷ್ಟ್ರ ಹೆಂಡತಿ ಕಿರುಚಿಕೊಂಡರು.

"ಅಯ್ಯೋ, ಯಾರಾದ್ರೂ ಬನ್ನಿ! ಇವ್ರ ಕಾಲು ಕೊಳೀತಾ ಇದೆ!"

ಮೇಷ್ಟ್ರು ಬಾತ್‌ರೂಮಿನಲ್ಲಿ ಜಾರಿ ಮಂಡಿ ಊದಿಸಿಕೊಂಡಿದ್ದರು. ಕನ್ನಡಕವಿಲ್ಲದೆ ಫ್ರೀಜರಿಗೆ ಕೈಹಾಕಿ, ಸಿಕ್ಕ ಐಸನ್ನೆಲ್ಲ ಟವೆಲಿನಲ್ಲಿ ಸುತ್ತಿ ಮಂಡಿಗೆ ಕಟ್ಟಿಕೊಂಡಿದ್ದರು. ಈಗ ಮಂಡಿಯಿಂದ ಪಾದದವರೆಗೆ ಕಪ್ಪು ನೀರು ಇಳಿಯುತ್ತಿತ್ತು. ಎದುರುಮನೆಯ ದರ್ಜಿ ಆಗಲೇ ಹಾಜರಾಗಿ ಕಾಲನ್ನು ಕಣ್ಣಲ್ಲೇ ಅಳೆಯುತ್ತಿದ್ದ.

"ಮಂಡಿಯಿಂದ ಎರಡಿಂಚು ಮೇಲಕ್ಕೆ ಕತ್ತರಿಸ್ಬೇಕಾಗುತ್ತೇನೋ," ಎಂದ.

ಗುಮಾಸ್ತ ಬಗ್ಗಿ ಮೂಸಿದ. ಆ ಕಪ್ಪು ನೀರಿಗೆ ಬೆರಳದ್ದಿ ನಾಲಿಗೆಗಿಟ್ಟುಕೊಂಡ. ಮೇಷ್ಟ್ರ ಹೆಂಡತಿ ಮುಖ ತಿರುಗಿಸಿಕೊಂಡರು.

"ಕಾಲಿಗೇನೂ ಆಗಿಲ್ಲ, ಅಮ್ಮಾ," ಎಂದ ಅಳುಮೋರೆ ಮಾಡಿಕೊಂಡು. "ಹೋಗಿದ್ದು ನನ್ನ ಕಾಫಿ."

ಮೇಷ್ಟ್ರೂ ಬೆರಳದ್ದಿ ನೆಕ್ಕಿದರು. ನೋವೆಲ್ಲ ಮರೆತುಹೋಯಿತು. "ಏನಯ್ಯಾ ಇದು, ಅಮೃತ! ಇದನ್ನ ಮಂಡಿಗೆ ಕಟ್ಕೊಂಡ್ನಲ್ಲ, ನನ್ನ ಹೊಟ್ಟೆ ಏನು ಪಾಪ ಮಾಡಿತ್ತು?"

ಅಚ್ಚಿನ ಮೂಲೆಯಲ್ಲಿ ಒಂದು ಲೋಟಕ್ಕಾಗುವಷ್ಟು ಗಡ್ಡೆಗಳು ಉಳಿದಿದ್ದವು. ಅವನ್ನು ಮಗುವಿನಂತೆ ಎದೆಗವಚಿಕೊಂಡು ಕೆಳಗಿಳಿದರೆ, ಸಾಹೇಬರು ಬಾಗಿಲಲ್ಲೇ ನಿಂತಿದ್ದರು.

ಸಾಹೇಬರು ಒಂದು ಗುಟುಕು ಕುಡಿದರು. ಇನ್ನೊಂದು ಗುಟುಕು. ಕಣ್ಣು ಮುಚ್ಚಿದರು. ಲೋಟ ಬರಿದಾದ ಮೇಲೆ ಎದ್ದು ನಿಂತು ಗುಮಾಸ್ತನ ಕೈ ಹಿಡಿದುಕೊಂಡರು.

"ಕೊನೇ ಗುಟುಕು ಮೊದಲನೇದಕ್ಕಿಂತ ಖಡಕ್ಕಾಗಿದೆಯಲ್ರೀ! ಎಂಥಾ ತಲೆ ನಿಮ್ದು!"

ಗುಮಾಸ್ತನಿಗೆ ಕಣ್ಣು ತುಂಬಿ ಬಂತು. ಇದೇ ಸಮಯವೆಂದು, "ಸಾರ್, ಒಂದು ವಾರ ರಜೆ..." ಎಂದ.

"ಒಂದ್ಯಾಕೆ? ಎರಡು ವಾರ ತಗೊಳ್ಳಿ!"

ಅಡುಗೆಮನೆಯ ಬಾಗಿಲ ಹಿಂದೆ ಹೆಂಡತಿ ಕುಣಿದೇಬಿಟ್ಟಳು.

"ಎಲ್ಲಿಗೆ ಹೋಗ್ತೀರಿ?"

"ಸಮುದ್ರದ ಕಡೆಗೆ, ಸಾರ್."

ಸಾಹೇಬರು ಆ ಕ್ಷಣವೇ ಮನೆಗೆ ಫೋನು ಹಚ್ಚಿದರು. "ಲೇ, ಬಟ್ಟೆಬರೆ ಕಟ್ಟು. ನಾವೂ ಇವರ ಜೊತೆ ಹೊರಟ್ವಿ." ಆಮೇಲೆ ಗುಮಾಸ್ತನ ಬೆನ್ನು ತಟ್ಟಿ ಹೇಳಿದರು, "ಅಲ್ಲಿ ಸಕ್ಕರೆ ಸ್ವಲ್ಪ ಕಮ್ಮಿ ಹಾಕ್ರೀ. ನಮ್ಮತ್ತೇನೂ ಬರ್ತಾರೆ."